ಚಿಗರಿ, ತೋಳ, ಕುರಿನಾಯಿ ಮತ್ತು ನಾವು
(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೂ ನಿವೃತ್ತ ಪಶುವೈದ್ಯಾಧಿಕಾರಿಯೂ ಆದವರು ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚೆ ನನಗೆ ಮಾತಾಡಲು ಹೇಳಿದ್ದಾರೆ. ನನ್ನ ವಿಷಯವೋ ಹೊಟ್ಟೆಯೊಳಗಿನ ಹುಳಗಳದ್ದು. ಕಾರ್ಯಕ್ರಮ ಪಟ್ಟಿ ಮಾಡಿದವರು ಇದನ್ನು ಯೋಚಿಸಿ ಮಾಡಿದರೋ, ಹಂಗೇ ಆಯಿತೋ ಗೊತ್ತಿಲ್ಲ. ಅಡುಗೆ ಕಡಿಮೆ ಬಿದ್ದಿದ್ದರೆ ನನ್ನ ಭಾಷಣದಿಂದ ಸರಿಹೋದೀತು.

ಈ ಶಾಲೆ ಶುರುವಾದ 1974ರಲ್ಲಿಯೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೂ ಘೋಷಣೆಯಾಯಿತು. ಆಗ ನಾವೆಲ್ಲ ಧಾರವಾಡ ಜಿಲ್ಲೆಯವರು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಒಟ್ಟು 119 ಚದರ ಕಿಲೋಮೀಟರಿನ ಆ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪು, ಉಳಿದದ್ದು ಕುರುಚಲು ಗಿಡ ಮತ್ತು ಹುಲ್ಲು. ಅದರ ಅಂಚಿಗೆ ನಮ್ಮ ಹೊಲಗಳು, ಹೊಲಗಳ ಅಂಚಿಗೆ ನಮ್ಮ ಮನೆಗಳು. ನಕ್ಷೆಯಲ್ಲಿ ಅಡವಿಗೆ ಒಂದು ಗೆರೆ ಇದೆ. ಚಿಗರಿಗೆ ಆ ಗೆರೆ ಕಾಣುವುದಿಲ್ಲ. ಗೋವಿನಜೋಳ ಮೊಳಕೆ ಬಿಟ್ಟ ವಾರದಲ್ಲಿ ಹಿಂಡು ಎಲ್ಲಿಂದ ಬಂತು, ಎಷ್ಟು ಸಾಲು ತಿಂದಿತು ಎನ್ನುವುದನ್ನು ಇಲ್ಲಿ ಕೂತಿರುವ ರೈತರು ನನಗಿಂತ ಚೆನ್ನಾಗಿ ಬಲ್ಲರು. ಆ ಗೆರೆ ಕಾಣದವು ಇನ್ನೂ ಕೆಲವು ಇವೆ. ಅವು ಕಣ್ಣಿಗೇ ಬೀಳುವುದಿಲ್ಲವಾದ್ದರಿಂದ ಅವುಗಳ ಬಗ್ಗೆ ಯಾರೂ ಅರ್ಜಿ ಕೊಡುವುದಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಪಶುವೈದ್ಯನಾಗಿ ತಿರುಗಾಡಿದವನು ನಾನು. ಜನ ನನ್ನನ್ನು ಕೇಳುತ್ತಿದ್ದ ಒಂದು ಪ್ರಶ್ನೆ ಇದು: “ಡಾಕ್ಟರ್ರ, ಚಿಗರಿಯಿಂದ ನಮ್ಮ ಕುರಿಗೆ ರೋಗ ಬರ್ತದೇನ್ರಿ? ನಮಗ ಬರ್ತದೇನ್ರಿ?” ಕೇಳುವುದರಲ್ಲಿ ತಪ್ಪಿಲ್ಲ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದದ್ದು, ಅದೇ ಜ್ವರ ಜನಕ್ಕೂ ಬಂದದ್ದು ಈ ಭಾಗದಲ್ಲಿ ಮರೆತುಹೋಗುವ ಸಂಗತಿ ಅಲ್ಲ. ಅದು ಉಣ್ಣಿಯಿಂದ ಹರಡುವ ವೈರಸ್, ಬೇರೆ ಕಥೆ. ಆದರೆ ಅಂದಿನಿಂದ ಅಡವಿಯ ಪ್ರಾಣಿ ಎಂದರೆ ರೋಗದ ಮೂಲ ಎಂಬ ಒಂದು ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಹೊಟ್ಟೆಯ ಹುಳಗಳ ವಿಷಯದಲ್ಲಿ ಲೆಕ್ಕ ಹಾಗಿಲ್ಲ. ಅದನ್ನೇ ಇವತ್ತು ಹೇಳಬೇಕಾಗಿದೆ.

ಕುರಿ ಸಾಕಿದವರಿಗೆ ಗೊತ್ತಿರುವ ಒಂದು ರೋಗದಿಂದ ಶುರುಮಾಡುತ್ತೇನೆ. ಚೆನ್ನಾಗಿದ್ದ ಮರಿ ಒಂದು ದಿನ ಹಿಂಡು ಬಿಟ್ಟು ನಿಲ್ಲುತ್ತದೆ. ತಲೆ ಒಂದು ಕಡೆ ವಾಲುತ್ತದೆ. ಆಮೇಲೆ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತು ಹಾಕಲು ಶುರುಮಾಡುತ್ತದೆ. ಕೆಲವಕ್ಕೆ ಒಂದು ಕಣ್ಣು ಕಾಣುವುದಿಲ್ಲ. ದಿನ ಕಳೆದಂತೆ ಕೆಲವು ಮರಿಗಳ ನೆತ್ತಿಯ ಎಲುಬು ಮೆತ್ತಗಾಗಿ ಬೆರಳಿಗೆ ಒತ್ತುತ್ತದೆ. ದೆವ್ವ ಹೊಕ್ಕಿತು, ಗಾಳಿ ಸೋಕಿತು ಎಂದು ಅಂತ್ರ ಕಟ್ಟಿಸುವವರೂ ಇದ್ದಾರೆ. ಸತ್ತ ಮರಿಯ ತಲೆ ಬಿಚ್ಚಿ ನೋಡಿದರೆ ಮಿದುಳಿನಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ನೀರುಗುಳ್ಳೆ ಇರುತ್ತದೆ. ತೆಳ್ಳಗಿನ ಪೊರೆ, ಒಳಗೆ ತಿಳಿನೀರು, ಪೊರೆಗೆ ಅಂಟಿಕೊಂಡು ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆಗಳ ಗುಂಪು. ಒಂದೊಂದು ಚುಕ್ಕೆಯೂ ಒಂದೊಂದು ಲಾಡಿಹುಳುವಿನ ತಲೆ.

ಈಗ ಕುರಿಗಾಹಿ ಏನು ಮಾಡುತ್ತಾನೆ? ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುತ್ತಾನೆ. ಬಡವನ ಮನೆಯ ನಾಯಿಗೆ ಬೇರೆ ಏನು ಸಿಗಬೇಕು? ಆ ಚುಕ್ಕೆಗಳು ನಾಯಿಯ ಕರುಳಿಗೆ ಹೋಗಿ ಹುಳುಗಳಾಗುತ್ತವೆ. ಹುಳು ಮೊಟ್ಟೆ ಹಾಕುತ್ತದೆ, ಮೊಟ್ಟೆ ನಾಯಿಯ ಮಲದ ಜೊತೆ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲನ್ನು ಮುಂದಿನ ಮರಿ ಮೇಯುತ್ತದೆ. ಚಕ್ರ ತಿರುಗಿತು. ಈ ಚಕ್ರದಲ್ಲಿ ನಾಯಿಯ ಜಾಗದಲ್ಲಿ ತೋಳ ನಿಲ್ಲಬಹುದು, ನರಿ ನಿಲ್ಲಬಹುದು. ಮರಿಯ ಜಾಗದಲ್ಲಿ ಮೇಯುವ ಬೇರೆ ಪ್ರಾಣಿಯೂ ನಿಲ್ಲಬಹುದು. ಬಲು ಅಪರೂಪಕ್ಕೆ ಮನುಷ್ಯನೂ ನಿಂತಿದ್ದಾನೆ.

ಇದನ್ನು ಮೊದಲು ಯಾಕೆ ಹೇಳಿದೆ ಎಂದರೆ, ಇದೇ ಚಕ್ರದ ಇನ್ನೊಂದು ಹುಳು ಮನುಷ್ಯನಿಗೆ ಬಹಳ ಹೆಚ್ಚಾಗಿ ಬರುತ್ತದೆ, ಆದರೆ ನಮ್ಮ ಕಣ್ಣೆದುರು ಸುತ್ತು ಹಾಕಿ ತೋರಿಸುವುದಿಲ್ಲ. ಅದರ ಹೆಸರು ಎಕಿನೊಕಾಕಸ್. ನಾಯಿಯ ಕರುಳಿನಲ್ಲಿರುವ ದೊಡ್ಡ ಹುಳು 3ರಿಂದ 6 ಮಿಲಿಮೀಟರ್, ಸಾಸಿವೆಕಾಳಿನ ಪಕ್ಕದಲ್ಲಿಟ್ಟರೆ ಅದಕ್ಕಿಂತ ಸ್ವಲ್ಪ ಉದ್ದ. ಒಂದು ನಾಯಿಯಲ್ಲಿ ಸಾವಿರಗಟ್ಟಲೆ ಇರಬಹುದು. ಇಷ್ಟಾದರೂ ನಾಯಿಗೆ ಏನೂ ಆಗುವುದಿಲ್ಲ. ತಿಂದುಂಡು ಓಡಾಡಿಕೊಂಡಿರುತ್ತದೆ. ಕುರಿ, ಆಡು, ಎಮ್ಮೆ, ಆಕಳು ಇದರ ಮೊಟ್ಟೆಯನ್ನು ಹುಲ್ಲು-ನೀರಿನ ಜೊತೆ ನುಂಗಿದರೆ ಅವುಗಳ ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ಕುರಿ ಕೊಯ್ಯುವವರು ಇದನ್ನು ದಿನಾ ನೋಡಿರುತ್ತಾರೆ. ಗುಳ್ಳೆ ಇರುವ ಭಾಗವನ್ನು ಗಿರಾಕಿ ಕೊಳ್ಳುವುದಿಲ್ಲವಲ್ಲ, ಕತ್ತರಿಸಿ ಅಂಗಡಿಯ ಹಿಂದೆ ಒಗೆಯುತ್ತಾರೆ. ಅಲ್ಲಿ ಯಾರು ಕಾಯುತ್ತ ಕೂತಿರುತ್ತಾರೆ ಎಂದು ನಿಮಗೆ ಗೊತ್ತು.

ಮನುಷ್ಯ ಈ ಹುಳುವಿನ ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕುವವನು. ನಾಯಿಯ ಮೈಕೂದಲಿಗೆ, ಮೂತಿಗೆ ಅಂಟಿದ ಮೊಟ್ಟೆ ನಮ್ಮ ಕೈಗೆ ಬರುತ್ತದೆ, ಕೈಯಿಂದ ರೊಟ್ಟಿಗೆ ಬರುತ್ತದೆ. ಈ ಮೊಟ್ಟೆ ನಾಯಿಯ ಮೈಯಿಂದ ಹೊರಬಿದ್ದ ಗಳಿಗೆಯಿಂದಲೇ ಸೋಂಕು ತಗುಲಿಸಬಲ್ಲದು, ಕಾಯಬೇಕಾಗಿಲ್ಲ. ಒಳಗೆ ಹೋದ ಮೇಲೆ ಗುಳ್ಳೆ ಬಹಳ ನಿಧಾನ ಬೆಳೆಯುತ್ತದೆ. ಹತ್ತು ವರ್ಷದ ಹುಡುಗನಿದ್ದಾಗ ನುಂಗಿದ್ದು ಮೂವತ್ತನೆಯ ವಯಸ್ಸಿಗೆ ನೋವು ಕೊಡಬಹುದು. ಗುಳ್ಳೆ ಒಡೆದರೆ ಅದರ ನೀರು ಮೈಗೆ ವಿಷದಂತೆ ಪರಿಣಮಿಸಿ ಜೀವಕ್ಕೇ ಸಂಚಕಾರ. ಜಗತ್ತಿನಲ್ಲಿ ಯಾವುದೇ ಸಮಯದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಈ ಜಾತಿಯ ಹುಳುಗಳ ರೋಗದಿಂದ ನರಳುತ್ತಿರುತ್ತಾರೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನನಗೆ ಪರಿಚಯದ ಒಬ್ಬ ಕುರಿಗಾಹಿ. ಹೆಸರು ಬೇಡ, ಊರೂ ಬೇಡ. ಬಲಪಕ್ಕೆಯ ಕೆಳಗೆ ಭಾರ ಭಾರ ಎನ್ನುತ್ತಿದ್ದ. ಮೊದಲು ಗ್ಯಾಸು ಎಂದು ಗುಳಿಗೆ ನುಂಗಿದ, ಆಮೇಲೆ ಹಸಿರೌಷಧ ಕುಡಿದ, ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ತೆಂಗಿನಕಾಯಿ ಗಾತ್ರದ ಗುಳ್ಳೆ. ಆಪರೇಶನ್ ಆಯಿತು, ಬದುಕಿದ. ಆದರೆ ಹಿಂಡಿನಲ್ಲಿ ಅರ್ಧ ಮಾರಿದ. ಅವನ ಹೆಂಡತಿ ನನ್ನನ್ನು ಕೇಳಿದಳು: “ಯಪ್ಪಾ, ನಾವು ಯಾರಿಗೇನು ಮಾಡಿದ್ವಿ, ಇದು ಎಲ್ಲಿಂದ ಬಂತ್ರಿ?” ಅವರ ನಾಯಿ ಆಗ ನನ್ನ ಕಾಲಬಳಿಯೇ ಮಲಗಿತ್ತು. ಬಹಳ ಒಳ್ಳೆಯ ನಾಯಿ. ತೋಳ ಬಂದರೆ ಎದುರು ನಿಲ್ಲುವಂಥದ್ದು. ಅವಳಿಗೆ ಏನು ಹೇಳಬೇಕಿತ್ತೋ ಅದನ್ನು ಹೇಳಿದೆ. ಆ ನಾಯಿಗೆ ಅವತ್ತೇ ಗುಳಿಗೆ ಹಾಕಿದೆವು.

ಈಗ ಅಡವಿಗೆ ಬರೋಣ. ನಮ್ಮ ಕಡೆಯ ಬಯಲುಸೀಮೆಯ ತೋಳ ಬರೀ ಚಿಗರಿ, ಮೊಲ ತಿಂದು ಬದುಕುತ್ತಿಲ್ಲ. ದಖ್ಖನ್ ಬಯಲಿನ ತೋಳಗಳು ಬಹಳಮಟ್ಟಿಗೆ ಕುರಿ-ಆಡುಗಳನ್ನೇ ನಂಬಿಕೊಂಡಿವೆ, ಹಿಡಿದದ್ದು ಕೆಲವು, ಸತ್ತು ಬಿದ್ದದ್ದು ಕೆಲವು. ಹಳ್ಳದ ದಂಡೆಗೆ ನಾವು ಎಳೆದು ಹಾಕಿದ ಸತ್ತ ಕುರಿಯನ್ನು ರಾತ್ರಿ ತೋಳ ತಿನ್ನುತ್ತದೆ, ನರಿ ತಿನ್ನುತ್ತದೆ, ಕತ್ತೆಕಿರುಬ ತಿನ್ನುತ್ತದೆ, ಬೆಳಗ್ಗೆ ಊರನಾಯಿ ತಿನ್ನುತ್ತದೆ. ಒಂದೇ ತಾಟಿನಲ್ಲಿ ನಾಲ್ಕು ಜನ ಉಂಡ ಹಾಗೆ. ಹುಳು ಆ ತಾಟಿನಿಂದ ಎಲ್ಲರ ಹೊಟ್ಟೆಗೂ ಹೋಗಬಲ್ಲದು. ತೋಳ ಮತ್ತೆ ಹುಲ್ಲುಗಾವಲಿಗೆ ಹೋಗುತ್ತದೆ. ಅದರ ಮಲ ಬಿದ್ದ ಹುಲ್ಲನ್ನು ಚಿಗರಿ ಮೇಯುತ್ತದೆ, ಮಧ್ಯಾಹ್ನ ಅಲ್ಲಿಯೇ ನಮ್ಮ ಕುರಿಯೂ ಮೇಯುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿ ನೀರು ಒಂದು ಗುಂಡಿಗೆ ಇಳಿದಾಗಲಂತೂ ಎಲ್ಲರೂ ಒಂದೇ ಕಡೆ ಬರಬೇಕು.

ಹಾಗಾದರೆ ಮೊದಲು ಕೊಟ್ಟವರು ಯಾರು? ಸುಮ್ಮನೆ ಎಣಿಸಿ ನೋಡಿ. ಅಭಯಾರಣ್ಯದಲ್ಲಿ ತೋಳಗಳು ಬೆರಳೆಣಿಕೆಯವು. ನಮ್ಮ ಒಂದು ಊರಿನಲ್ಲಿಯೇ ಅದಕ್ಕಿಂತ ಹೆಚ್ಚು ನಾಯಿಗಳಿವೆ. ತೋಳ ಮನುಷ್ಯರ ಅಂಗಳಕ್ಕೆ ಬಂದು ಮಲಗುವುದಿಲ್ಲ, ಮಗುವಿನ ಕೈ ನೆಕ್ಕುವುದಿಲ್ಲ. ಚಿಗರಿಯ ಹೊಟ್ಟೆಯಲ್ಲಿ ಹುಳು ಇಲ್ಲವೆಂದಲ್ಲ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಎಂಬ ಹುಳು ಚಿಗರಿಗೂ ಬರುತ್ತದೆ. ಅದು ಕುರಿಯಿಂದ ಚಿಗರಿಗೆ, ಚಿಗರಿಯಿಂದ ಕುರಿಗೆ ಹುಲ್ಲಿನ ಮೂಲಕ ದಾಟುತ್ತದೆ. ಆದರೆ ಚಿಗರಿಯ ಹಿಕ್ಕೆಯಿಂದ ನಿಮಗೆ ಲಿವರಿನ ಗುಳ್ಳೆ ಬರುವುದಿಲ್ಲ. ಆ ಮೊಟ್ಟೆ ಮಾಂಸ ತಿನ್ನುವ ನಾಯಿಜಾತಿಯ ಕರುಳಿನಿಂದಲೇ ಬರಬೇಕು. ಗಂಡು ಚಿಗರಿ ತನ್ನ ಸರಹದ್ದು ತೋರಿಸಲು ಒಂದೇ ಜಾಗದಲ್ಲಿ ದಿನಾ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಅದನ್ನು ನೋಡಿ ಹೆದರಿ ಹೊಲಕ್ಕೆ ಹೋಗುವುದನ್ನು ಬಿಟ್ಟವರು ಯಾರೂ ಇಲ್ಲ, ಬಿಡಬೇಕಾಗಿಯೂ ಇಲ್ಲ.

ಅಡವಿಯ ಪ್ರಾಣಿಗೆ ಹುಳು ನಮ್ಮಿಂದ ಹೋಗುತ್ತದೆ ಎನ್ನುವುದಕ್ಕೆ ದಕ್ಷಿಣ ಭಾರತದ್ದೇ ಒಂದು ಉದಾಹರಣೆ ಇದೆ. ತಮಿಳುನಾಡಿನ ಆನೆಮಲೆ ಬೆಟ್ಟಗಳಲ್ಲಿ ಚಹಾ-ಕಾಫಿ ತೋಟಗಳ ನಡುವೆ ಮಳೆಕಾಡು ತುಂಡು ತುಂಡಾಗಿ ಉಳಿದಿದೆ. ಅಲ್ಲಿಯ ಸಿಂಗಳೀಕಗಳ ಮಲ ಪರೀಕ್ಷೆ ಮಾಡಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜನವಸತಿಗೆ ಹತ್ತಿರದ ತುಂಡುಗಳಲ್ಲಿರುವ ಸಿಂಗಳೀಕಗಳಲ್ಲಿ ಪರಾವಲಂಬಿಗಳ ಹೊರೆ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಮನುಷ್ಯ ಹತ್ತಿರ ಬಂದಷ್ಟೂ ಮಂಗನ ಹೊಟ್ಟೆ ಕೆಡುತ್ತದೆ. ನಮ್ಮ ಗುಡಿಗಳ ಮುಂದೆ ಬಾಳೆಹಣ್ಣು, ಬಿಸ್ಕೀಟು ಕೊಟ್ಟು ಮಂಗ-ಮುಸಿಯಗಳನ್ನು ಅಂಗಳಕ್ಕೆ ಕರೆಯುತ್ತೇವಲ್ಲ, ಆ ಕೊಡುಕೊಳ್ಳುವಿಕೆಯಲ್ಲಿ ಹಣ್ಣಿನ ಜೊತೆ ಬೇರೆಯವೂ ಇರುತ್ತವೆ. ಚಾಟಿಹುಳು, ಅಮೀಬಾ ಇಂಥವು ಅವಕ್ಕೂ ಬರುತ್ತವೆ, ನಮಗೂ ಬರುತ್ತವೆ. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಕೈಯಿಂದ ಕೈಗೆ ಕೊಡಬೇಡಿ, ಕೊಟ್ಟ ಮೇಲೆ ತೊಳೆದುಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ನಡುವೆ ಇರುವುದು ನಾಯಿ. ಅಡವಿಗೂ ಊರಿಗೂ ದಿನಾ ಎರಡು ಸಲ ಹೋಗಿಬರುವ ಪ್ರಾಣಿ ಅದೊಂದೇ. ಇದನ್ನು ಹೇಳಿದ ಕೂಡಲೇ ಕೆಲವರು “ಹಂಗಾದ್ರ ನಾಯಿ ಹೊಡಿಸಿಬಿಡೂಣ್ರಿ” ಎನ್ನುತ್ತಾರೆ. ಬೇಡ. ದೇವರಗುಡ್ಡದಲ್ಲಿ, ಮೈಲಾರದಲ್ಲಿ ಗೊರವಯ್ಯನವರು ದೋಣಿಯ ಪ್ರಸಾದಕ್ಕೆ ನಾಯಿಯಂತೆ ಬೊಗಳುತ್ತ ಬಾಗುವುದನ್ನು ನೋಡಿ ಬೆಳೆದವರು ನಾವು. ನಾಯಿಗೆ ಮರ್ಯಾದೆ ಕೊಟ್ಟ ಸೀಮೆ ಇದು. ಅದು ಹಾಗಿರಲಿ, ವ್ಯವಹಾರದ ಮಾತು ಕೇಳಿ. ಒಂದು ಓಣಿಯ ನಾಯಿಗಳನ್ನು ಕೊಂದರೆ ತಿನ್ನುವುದಕ್ಕೆ ಅಲ್ಲಿ ಎಲ್ಲಿಯವರೆಗೆ ಏನಾದರೂ ಬಿದ್ದಿರುತ್ತದೋ ಅಲ್ಲಿಯವರೆಗೆ ಬೇರೆ ಓಣಿಯವು ಬಂದು ಸೇರುತ್ತವೆ. ಅವಕ್ಕೆ ಗುಳಿಗೆ ಹಾಕಿರುವುದಿಲ್ಲ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿರುವುದಿಲ್ಲ. ಗುರುತಿನ ನಾಯಿಯೇ ಮೇಲು.

ಇದೇ ಹುಳುವನ್ನು ಒಂದು ದೇಶ ಹೇಗೆ ಓಡಿಸಿತು ಎಂದು ಹೇಳುತ್ತೇನೆ, ಶಾಲೆಯ ಸಮಾರಂಭಕ್ಕೆ ತಕ್ಕ ಕಥೆ ಇದು. ಐಸ್‌ಲ್ಯಾಂಡ್ ಎಂಬ ದ್ವೀಪ. ಹಿಮದ ನಾಡು, ಆದರೆ ಬದುಕು ನಮ್ಮ ಕುರುಬರದ್ದರ ಹಾಗೆ: ಕುರಿ, ನಾಯಿ, ಉಣ್ಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರಿನ ಗುಳ್ಳೆಯಿಂದ ಸಾಯುವವರು ಅಲ್ಲಿ ಬಹಳ. ಡೆನ್ಮಾರ್ಕಿನ ಪಶುವೈದ್ಯ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ 100 ನಾಯಿಗಳ ಕರುಳು ಬಿಚ್ಚಿ ನೋಡಿದ. 28ರಲ್ಲಿ ಹುಳು ಸಿಕ್ಕಿತು. ಮುಂದಿನ ವರ್ಷ ಅವನು ಒಂದು ಸಣ್ಣ ಪುಸ್ತಕ ಬರೆದ, ಅದನ್ನು ಮನೆಮನೆಗೆ ಪುಕ್ಕಟೆ ಹಂಚಿದರು. ಕುರಿ ಕೊಯ್ದಾಗ ಗುಳ್ಳೆಯಿರುವ ಭಾಗವನ್ನು ನಾಯಿಗೆ ಹಾಕಬೇಡಿ, ಸುಡಿ ಅಥವಾ ಹೂಳಿ, ನಾಯಿಗೆ ಹುಳುವಿನ ಔಷಧ ಕೊಡಿ, ಕೈ ತೊಳೆಯಿರಿ. ತಿರುಳು ಇಷ್ಟೇ. ಅಲ್ಲಿಯ ಜನಕ್ಕೆ ಓದು ಬರುತ್ತಿತ್ತು. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದುವ ರೂಢಿ ಅವರದು. 1869ರಲ್ಲಿ, ಮತ್ತೆ 1890ರಲ್ಲಿ ಕಾನೂನುಗಳೂ ಬಂದವು. ಸುಮಾರು ನೂರು ವರ್ಷದೊಳಗೆ ರೋಗ ಆ ದೇಶದಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಆಗ ಅವರಿಗೆ ಸ್ಕ್ಯಾನ್ ಇರಲಿಲ್ಲ, ಇವತ್ತಿನ ಗುಳಿಗೆಯೂ ಇರಲಿಲ್ಲ. ನಮಗೆ ಎರಡೂ ಇವೆ.

ಗುಳಿಗೆಯ ವಿಷಯ ಬಂತು. ಮಕ್ಕಳೇ, ನಿಮಗೆ ಶಾಲೆಯಲ್ಲಿ ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ, ಚೀಪಿ ತಿನ್ನಿ ಎನ್ನುತ್ತಾರೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮ ಅದು. 1ರಿಂದ 19 ವರ್ಷದವರಿಗೆ. ಅದು ಜಂತುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗೆ. ಒಳ್ಳೆಯ ಕೆಲಸ, ತಪ್ಪಿಸಬೇಡಿ, ಕಿಟಕಿಯಿಂದ ಹೊರಗೆ ಉಗುಳಲೂ ಬೇಡಿ. ನಾವು ಚಿಕ್ಕವರಿದ್ದಾಗ ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತವೆ ಎಂದು ಅಜ್ಜಿ ಬೆಲ್ಲದ ಡಬ್ಬಿ ಮೇಲಿಡುತ್ತಿದ್ದಳು. ಬೆಲ್ಲದಿಂದ ಹುಳ ಆಗುವುದಿಲ್ಲ. ಆ ಉಪಾಯ ಬೆಲ್ಲ ಉಳಿಸುವುದಕ್ಕೆ ಚೆನ್ನಾಗಿತ್ತು.

ಆದರೆ ಮನೆಯ ನಾಯಿಯ ಲಾಡಿಹುಳುವಿಗೆ ನಿಮ್ಮ ಗುಳಿಗೆ ನಡೆಯುವುದಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಔಷಧ ಬೇಕು. ಔಷಧದಂಗಡಿಯಲ್ಲಿ ಬರೀ “ನಾಯಿಯ ಹುಳದ ಗುಳಿಗೆ” ಎಂದು ಕೇಳಬೇಡಿ, ಪಶು ಆಸ್ಪತ್ರೆಗೆ ಬಂದು ನಾಯಿಯ ತೂಕ ಹೇಳಿ, ಚೀಟಿಯಲ್ಲಿ ಈ ಹೆಸರಿದೆಯೋ ನೋಡಿಕೊಳ್ಳಿ. ನುಂಗಿದ ಗುಳ್ಳೆಯಿಂದ ನಾಯಿಯ ಕರುಳಿನಲ್ಲಿ ಮೊಟ್ಟೆ ಹಾಕುವ ಹುಳು ಆಗಲು ಸುಮಾರು ಆರೇಳು ವಾರ ಬೇಕು. ಅದಕ್ಕೇ ವರ್ಷಕ್ಕೊಮ್ಮೆ ಹಾಕಿ ಕೈತೊಳೆದುಕೊಂಡರೆ ಸಾಲದು. ವರ್ಷಕ್ಕೆ ನಾಲ್ಕು ಸಲವಾದರೂ ಹಾಕಬೇಕು. ಕುರಿನಾಯಿಗಂತೂ ತಪ್ಪಿಸಬಾರದು. ಗುಳಿಗೆ ಹಾಕಿದ ಮೇಲೆ ಎರಡು ದಿನ ಕಟ್ಟಿಹಾಕಿ, ಅದರ ಮಲ ತೆಗೆದು ಹೂಳಿ, ಇಲ್ಲವೆ ಸುಡಿ. ಹೊರಬಿದ್ದ ಹುಳು ಸತ್ತಿರುತ್ತದೆ, ಆದರೆ ಅದರ ಹೊಟ್ಟೆಯ ಮೊಟ್ಟೆ ಸತ್ತಿರುವುದಿಲ್ಲ.

ಗುಳಿಗೆಗಿಂತ ಮುಖ್ಯವಾದದ್ದು ಕುರಿ ಕೊಯ್ಯುವ ಜಾಗ. ಜಾತ್ರೆ, ದೇವರ ಕಾರ್ಯ, ಹೊಲದಲ್ಲಿ ಊಟ, ಇವೆಲ್ಲ ನಡೆಯುವಂಥವೇ, ನಡೆಯಲಿ. ಗುಳ್ಳೆಯಿರುವ ಲಿವರು, ಪುಪ್ಪುಸ, ಬೇಡವಾದ ಬೋಟಿ ಇವನ್ನು ಮಾತ್ರ ನಾಯಿಗೆ ಹಸಿಯಾಗಿ ಒಗೆಯಬೇಡಿ. ನಾಯಿಗೆ ಹಾಕಲೇಬೇಕೆಂದರೆ ಅರ್ಧ ತಾಸಿಗೂ ಹೆಚ್ಚು ಹೊತ್ತು ಕುದಿಸಿ ಹಾಕಿ. ಇಲ್ಲವಾದರೆ ಹೂಳಿ. ಮೊಳಕಾಲುದ್ದ ಗುಂಡಿ ತೋಡಿದರೆ ನಾಯಿ ರಾತ್ರಿಯೇ ಕೆದರುತ್ತದೆ, ಸೊಂಟದಾಳ ತೋಡಿ, ಮೇಲೆ ಕಲ್ಲು ಹೇರಿ. ಸತ್ತ ಕುರಿಯನ್ನು ಹಳ್ಳಕ್ಕೆ ಎಳೆದು ಹಾಕುವ ಅಭ್ಯಾಸವೂ ಹೋಗಬೇಕು. ಇದಕ್ಕೆ ಪಂಚಾಯ್ತಿಯವರು ಊರಿಗೊಂದು ತಡಿ ಹಾಕಿದ ಗುಂಡಿ ಮಾಡಿಕೊಟ್ಟರೆ, ನನ್ನ ಪ್ರಕಾರ, ಅದು ಹೊಸ ಸ್ವಾಗತ ಕಮಾನಿಗಿಂತ ಉಪಯೋಗಕ್ಕೆ ಬರುತ್ತದೆ. ಪಂಚಾಯ್ತಿ ಸದಸ್ಯರು ಎರಡನೆಯ ಸಾಲಿನಲ್ಲಿ ಕೂತಿದ್ದಾರೆ ಎನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಾಯಿಮರಿಗಳ ಬಗ್ಗೆ ಎರಡು ಮಾತು. ನಾಯಿಯ ಜಂತುಹುಳು, ಟಾಕ್ಸೊಕಾರಾ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತದೆ. ಹಾಗಾಗಿ ಎಷ್ಟೇ ಮುದ್ದಾಗಿದ್ದರೂ ಪ್ರತಿ ಮರಿಯ ಹೊಟ್ಟೆಯಲ್ಲೂ ಹುಳ ಇದೆ ಎಂದೇ ಹಿಡಿಯಿರಿ. ಇದರ ಮೊಟ್ಟೆ ಮಣ್ಣಿನಲ್ಲಿ ಎರಡು-ಮೂರು ವಾರ ಇದ್ದಮೇಲೆ ಸೋಂಕು ತಗುಲಿಸುವಂತಾಗುತ್ತದೆ. ಅಂದರೆ ಮರಿ ಮುಟ್ಟಿದ್ದಕ್ಕಿಂತ ಮರಿ ಆಡಿದ ಮಣ್ಣೇ ಹೆಚ್ಚು ಅಪಾಯ. ಆ ಮಣ್ಣಿನಲ್ಲಿ ಆಡಿ ಬಾಯಿಗೆ ಕೈ ಹಾಕುವ ಮಗುವಿನ ಒಳಗೆ ಮರಿಹುಳು ದಾರಿತಪ್ಪಿ ಲಿವರು, ಶ್ವಾಸಕೋಶ ಸುತ್ತುತ್ತದೆ, ಕೆಲವೊಮ್ಮೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತದೆ. ನಾಯಿಯ ಕೊಕ್ಕೆಹುಳು ಬರಿಗಾಲಿನ ಚರ್ಮದಿಂದಲೇ ಒಳಗೆ ಬರಬಲ್ಲದು. ಕಾಲಿನ ಮೇಲೆ ತುರಿಕೆಯ ಜೊತೆ ಕೆಂಪು ಗೆರೆ ಹಾವಿನಂತೆ ದಿನದಿನಕ್ಕೆ ಮುಂದೆ ಹೋಗುತ್ತಿದ್ದರೆ ಅದು ಅದೇ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ನೆರಳಿರುವ ಹಿತ್ತಿಲಿನಲ್ಲಿ ಇಂಥ ಮೊಟ್ಟೆ-ಮರಿಗಳು ಬಹುಕಾಲ ಬದುಕುತ್ತವೆ.

ಬಿಸಿಲು ನಮ್ಮ ಮಿತ್ರ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಬೆಳೆಗಾರರು ಕೇಳಿದ್ದರು, ಕಣದಲ್ಲಿ ಒಣಹಾಕಿದ ಕಾಯಿಯ ಮೇಲೆ ನಾಯಿ ಓಡಾಡುತ್ತದೆ, ರಾತ್ರಿ ನರಿಯೂ ಬರುತ್ತದೆ, ಏನು ಮಾಡೂಣ ಎಂದು. ಚೆನ್ನಾಗಿ ಒಣಗಿದ ಕಾಯಿಯಲ್ಲಿ ಲಾಡಿಹುಳುವಿನ ಮೊಟ್ಟೆ ಬಹಳ ದಿನ ಬದುಕಲಾರದು, ಶುಷ್ಕತೆ ಅದಕ್ಕೆ ಶತ್ರು. ಆದರೂ ನೆಲದ ಮೇಲೆ ತಾಡಪಾಲು ಹಾಸಿ, ಸುತ್ತ ಬೇಲಿ ಕಟ್ಟಿದರೆ ಕಾಯಿಯ ದರಕ್ಕೂ ಒಳ್ಳೆಯದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು, ಅದರ ಮೇಲೆ ನಾಯಿಯ ಹೆಜ್ಜೆ ಯಾಕೆ? ನನಗೆ ಹೆಚ್ಚು ಚಿಂತೆ ಹಸಿಯಾಗಿ ತಿನ್ನುವ ಸೊಪ್ಪಿನದು. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು. ರೊಟ್ಟಿಯ ಜೊತೆ ಇವಿಲ್ಲದೆ ನಮಗೆ ಊಟವಿಲ್ಲ. ಒಂದೊಂದು ಎಲೆ ಬಿಡಿಸಿ ಎರಡು-ಮೂರು ನೀರಿನಲ್ಲಿ ತೊಳೆಯಿರಿ.

ಇದೇ ಸೊಪ್ಪಿನ ಮಾತಿಗೆ ಸೇರಿದ್ದು ಹಂದಿಯ ಲಾಡಿಹುಳು. “ನಾವು ಶಾಕಾಹಾರಿಗಳು, ನಮಗೇನು” ಎನ್ನುವವರು ಇದನ್ನು ಗಮನವಿಟ್ಟು ಕೇಳಬೇಕು. ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಕರುಳಿನಲ್ಲಿ ಮೀಟರುಗಟ್ಟಲೆ ಉದ್ದದ ಹುಳು ಬೆಳೆಯುತ್ತದೆ. ಅವನಿಗೆ ಅದರಿಂದ ಅಂಥ ತೊಂದರೆ ಇಲ್ಲ. ಅವನು ಬಯಲಿಗೆ ಹೋದರೆ ಮೊಟ್ಟೆ ಮಣ್ಣಿಗೆ, ಮಣ್ಣಿನಿಂದ ಕಾಯಿಪಲ್ಯಕ್ಕೆ. ಆ ಮೊಟ್ಟೆ ನುಂಗಿದವನ ಮಿದುಳಿನಲ್ಲಿ ಗುಳ್ಳೆ ಆಗುತ್ತದೆ, ಮೂರ್ಛೆರೋಗ ಬರುತ್ತದೆ. ತಿಂದವನು ಒಬ್ಬ, ಬಿದ್ದವನು ಇನ್ನೊಬ್ಬ. ಬಿದ್ದವನು ಜನ್ಮದಲ್ಲಿ ಮಾಂಸ ಮುಟ್ಟದವನಾಗಿರಬಹುದು. ಮೂರ್ಛೆ ಬಂದ ಹುಡುಗಿಯ ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಕೈಗೆ ಕಬ್ಬಿಣ ಕೊಡುವುದು ಬಿಟ್ಟು ಮಿದುಳಿನ ಸ್ಕ್ಯಾನ್ ಮಾಡಿಸಿ. ಎಷ್ಟೋ ಸಲ ಇದು ಔಷಧಕ್ಕೆ ಬಗ್ಗುವ ರೋಗ. ಹಾಗೆಯೇ ಕಾಡುಹಂದಿಯ ಮಾಂಸ ಶುದ್ಧ, ಅದು ಅಡವಿಯ ಗೆಡ್ಡೆ ತಿನ್ನುವಂಥದ್ದು ಎಂಬ ಮಾತು ಕೇಳಿದ್ದೇನೆ. ಬೇಟೆ ಅಪರಾಧ, ಅದು ಒಂದು. ಊರಿನ ಬಯಲಿಗೆ ಅದೂ ಬರುತ್ತದೆ, ಇದು ಎರಡನೆಯದು.

ನೀರಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಕರುಗಳಿಗೆ ಭೇದಿ ಹತ್ತಿಸುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಇದೆ. ಅದು ಬ್ಲೀಚಿಂಗ್ ಪುಡಿಗೆ ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿನೀರಿನ ಮೂಲಕ ಸುಮಾರು 4 ಲಕ್ಷ ಜನಕ್ಕೆ ಭೇದಿ ಹತ್ತಿಸಿತು. ದನ, ಕುರಿ, ಅಡವಿಯ ಪ್ರಾಣಿ ಎಲ್ಲ ಇಳಿಯುವ ಕೆರೆಯ ನೀರು ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ಕುದಿಸಿಯೇ ಕೊಡಬೇಕು.

ಇಲ್ಲಿ ತಲೆ ನರೆತ ಕೆಲವರಿಗೆ ನಾರುಹುಣ್ಣು ನೆನಪಿರಬಹುದು. ಮೆಟ್ಟಿಲುಬಾವಿಯ ನೀರು ಕುಡಿದು ವರ್ಷದ ಮೇಲೆ ಕಾಲಿನಿಂದ ದಾರದಂಥ ಹುಳು ಹೊರಬರುತ್ತಿತ್ತು, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ದೇಶದಲ್ಲಿ ಅದು ಕಾಡಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಸಿಕೆ ಇರಲಿಲ್ಲ, ಔಷಧ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು, ಹುಣ್ಣಾದವರನ್ನು ಬಾವಿಗೆ ಇಳಿಯದಂತೆ ತಡೆದರು, ಮೆಟ್ಟಿಲುಬಾವಿಗಳನ್ನು ಸೇದುಬಾವಿ ಮಾಡಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು. ಈ ಕಥೆ ಗೆದ್ದಿತು ಎಂದು ಜಗತ್ತೇ ಅಂದುಕೊಳ್ಳುವಾಗ ಆಫ್ರಿಕಾದ ಚಾಡ್ ದೇಶದಲ್ಲಿ 2012ರಿಂದ ಅದೇ ಹುಳು ನಾಯಿಗಳಲ್ಲಿ ಕಾಣತೊಡಗಿತು. ಅಲ್ಲಿ ಈಗ ಹಳ್ಳಿಯವರಿಗೆ ಏನು ಹೇಳುತ್ತಿದ್ದಾರೆ ಗೊತ್ತೇ? ಮೀನಿನ ಕರುಳನ್ನು ನಾಯಿಗೆ ಸಿಗದಂತೆ ಹೂಳಿ, ನಾಯಿಯನ್ನು ಕಟ್ಟಿಹಾಕಿ. ಸಾವಿರಾರು ಮೈಲಿ ಆಚೆ, ಬೇರೆ ಹುಳು, ಬೇರೆ ಪ್ರಾಣಿ, ಮಾತು ಮಾತ್ರ ನಾನು ಈಗ ನಿಮಗೆ ಹೇಳಿದ್ದೇ.

ಇನ್ನು ಕೊನೆಯದಾಗಿ ಶಾಲೆಗೆ ಸಂಬಂಧಿಸಿದ ಕೆಲಸ. ಹುಳುವಿನ ಮೊಟ್ಟೆ ನೋಡಲು ದೊಡ್ಡ ಪ್ರಯೋಗಾಲಯ ಬೇಡ. ಇನ್ನು ಉಪ್ಪು ಕರಗುವುದಿಲ್ಲ ಎನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಚೂರು ಹಿಕ್ಕೆ ಕದಡಿ, ಸೋಸಿ, ಸಣ್ಣ ಕೊಳವೆಯಲ್ಲಿ ಅಂಚಿನವರೆಗೆ ತುಂಬಿ, ಮೇಲೆ ಗಾಜಿನ ಚೂರು ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಮೊಟ್ಟೆಗಳು ತೇಲಿ ಗಾಜಿಗೆ ಅಂಟುತ್ತವೆ. ಮಕ್ಕಳು ಮಾಡುವುದಾದರೆ ಕುರಿ-ಆಡಿನ ಹಿಕ್ಕೆಯಲ್ಲಿಯೇ ಮಾಡಲಿ, ಕೈಗವಸು ಹಾಕಿಕೊಂಡು, ಮೇಷ್ಟ್ರ ಎದುರಿನಲ್ಲಿ. ನಾಯಿ, ನರಿ, ತೋಳದ ಮಲ ಮುಟ್ಟಕೂಡದು, ಅದು ನಮ್ಮಂಥವರ ಕೆಲಸ.

ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಎರಡು ಸೂಕ್ಷ್ಮದರ್ಶಕ ಕೊಟ್ಟಿದ್ದೇವೆ. ಅವನ್ನು ವಿಜ್ಞಾನದ ಕೋಣೆಯಲ್ಲಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಒಂದರಲ್ಲಿ ಕುರಿಯ ಹೊಟ್ಟೆಹುಳುವಿನ ಮೊಟ್ಟೆ ಇದೆ, ಇನ್ನೊಂದರಲ್ಲಿ ಕುರಿಯ ಗುಳ್ಳೆಯಿಂದ ತೆಗೆದ ಲಾಡಿಹುಳುವಿನ ತಲೆ, ಬಣ್ಣ ಹಾಕಿ ಭದ್ರಪಡಿಸಿದ್ದು, ಅದರ ಕೊಕ್ಕೆಗಳ ಕಿರೀಟ ಚೆನ್ನಾಗಿ ಕಾಣುತ್ತದೆ. ಊಟವಾದ ಮೇಲೆ ಸಾಲಾಗಿ ಬನ್ನಿ. ನಾಳೆ ಬೆಳಗ್ಗೆ ಎಂಟಕ್ಕೆ ಶಾಲೆಯ ಮೈದಾನದ ಬೇವಿನ ಮರದ ಕೆಳಗೆ ನಾಯಿಗಳಿಗೆ ಗುಳಿಗೆ ಮತ್ತು ಲಸಿಕೆ ಹಾಕುವ ಏರ್ಪಾಡಾಗಿದೆ. ಕುರಿನಾಯಿ ಇರುವವರು ಹಗ್ಗ ಕಟ್ಟಿ ಹಿಡಿದುಕೊಂಡು ಬನ್ನಿ, ಹಿಂಡು ಹೊರಡುವ ಮೊದಲೇ ಕಳಿಸಿಕೊಡುತ್ತೇವೆ.

ಊಟದ ಗಂಟೆ ಬಾರಿಸಲು ಸೇವಕರು ಎದ್ದು ನಿಂತಿದ್ದಾರೆ. ನಲ್ಲಿಯ ಹತ್ತಿರ ಸಾಬೂನು ಇಟ್ಟಿದೆ.